ಕಾಣಿಕೆ ಕವರು ಜೇಬಿನಲ್ಲೇ ಉಳಿದ ರವಿವಾರ

ಜನವರಿಯ ಆ ರವಿವಾರ ಬೀದರ್‌ನಲ್ಲಿ ಥಂಡಿ ಜಾಸ್ತಿ ಇತ್ತು. ಮಂಗಲಪೇಟೆಯ ಚರ್ಚಿನಲ್ಲಿ ಸ್ವೆಟರ್ ಹಾಕಿಕೊಂಡೇ ಕೂತಿದ್ದೆ. ಪಾಸ್ಟರ್ ಬೈಬಲಿನ ಮತ್ತಾಯ 5ನೇ ಅಧ್ಯಾಯ ಓದಿದರು. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗಿ ಮೊದಲು ಅವನ ಜೊತೆ ಒಂದಾಗು ಅನ್ನೋ ಭಾಗ.

ಸಂಡೇ ಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಒಪ್ಪಿಸಿ ಪೆನ್ಸಿಲ್ ಗೆದ್ದವನು ನಾನು. ಆದರೂ ಒಂದು ಮಾತು ಅವತ್ತೇ ಚುಚ್ಚಿತು. ನನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲ, ಅವನಿಗೆ ನನ್ನ ಮೇಲೆ ಇದ್ದರೆ.

ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಎತ್ತಿದ್ದು, ತೊಳೆದಿದ್ದು ಎಲ್ಲಾ ಅಣ್ಣ, ವೈನಿ. ನಾನು ತಿಂಗಳಿಗೊಮ್ಮೆ ಬೀದರ್‌ನಿಂದ ಮೋಸಂಬಿ ಹಿಡಿದುಕೊಂಡು ಹೋಗುತ್ತಿದ್ದೆ. ಅಪ್ಪ ಹೋದ ಮೇಲೆ ಹೊಲದಲ್ಲಿ ಸಮ ಅರ್ಧ ತಗೊಂಡೆ. "ಹೊತ್ತವನಿಗೂ ಅರ್ಧ, ಹಣ್ಣು ತಂದವನಿಗೂ ಅರ್ಧ" ಅಂದ ಅಣ್ಣ. ಅಷ್ಟಕ್ಕೇ ಮೂರು ವರ್ಷ ಮಾತು ಬಿಟ್ಟಿದ್ದೆ. ನನ್ನ ಮನಸ್ಸಿನಲ್ಲಿ ಏನೂ ಇಲ್ಲಪ್ಪ ಅಂತ ಎಲ್ಲರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದೆ. ಅಣ್ಣನ ಹತ್ತಿರ ಹೋಗೋ ಬದಲು ಶುಕ್ರವಾರದ ಉಪವಾಸ ಹಿಡಿದೆ, ಕಾಣಿಕೆ ಜಾಸ್ತಿ ಮಾಡಿದೆ. ಬೈಬಲಿನ ಅರಸ ಸೌಲನೂ ಹೀಗೇ ಅಲ್ವಾ? ದೇವರು ಎಲ್ಲಾ ಕೊಂದುಹಾಕು ಅಂದರೆ ಅದನ್ನು ಮಾಡದೆ, ಒಳ್ಳೇ ಕುರಿಗಳನ್ನು ಉಳಿಸಿಕೊಂಡು, ಇವು ಯಜ್ಞಕ್ಕೆ ಅಂದ.

ಯೇಸು ಇದನ್ನು ಹೇಳಿದ್ದು ಗಲಿಲಾಯದಲ್ಲಿ. ಕಾಣಿಕೆ ಕೊಡುವ ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ನೂರು ಕಿಲೋಮೀಟರಿಗೂ ದೂರ. ಬಿಟ್ಟು ಬಾ ಅಂದರೆ ದಿನಗಟ್ಟಲೆ ನಡಿಗೆ. ನಮ್ಮ ಅಣ್ಣ ಇರೋದು ಭಾಲ್ಕಿ ಕಡೆ, ಬಸ್ಸಿನಲ್ಲಿ ಹೋದರೆ ಆಯ್ತು.

ಕಾಣಿಕೆ ತಟ್ಟೆ ಬರೋ ಮೊದಲೇ ಎದ್ದೆ. ಮಗ್ಗಲಲ್ಲಿ ಕೂತವರು ಮೈ ಹುಷಾರಿಲ್ವಾ ಅಂದರು.

ಅಣ್ಣ ಅಂಗಳದಲ್ಲಿ ತೊಗರಿ ಚೀಲ ಹೊಲಿಯುತ್ತಿದ್ದ. ನನ್ನನ್ನು ನೋಡಿ ದಬ್ಬಣ ನಿಲ್ಲಿಸಲಿಲ್ಲ. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತೆಲ್ಲಾ ಮರೆತುಹೋಯ್ತು. "ಅಣ್ಣಾ, ಅಪ್ಪನ್ನ ನೀನೇ ನೋಡಿಕೊಂಡಿ. ನಾನು ಸುಮ್ನೆ ಬಂದು ಹೋಗ್ತಿದ್ದೆ. ತಪ್ಪಾಯ್ತು" ಅಂದೆ. ಅವನು ಆ ಚೀಲದ ಬಾಯಿ ಪೂರ್ತಿ ಹೊಲಿದ, ದಾರ ಹಲ್ಲಿನಲ್ಲಿ ಕಡಿದ. ಆಮೇಲೆ ಒಳಗೆ ಕೂಗಿ, ಇವನಿಗೆ ರೊಟ್ಟಿ ಹಾಕು ಅಂದ. ವೈನಿ ಪುಂಡಿ ಪಲ್ಯ ಬಡಿಸುವಾಗ ಕಣ್ಣೊರೆಸಿಕೊಂಡರು. ಅಣ್ಣ ಅಳಲಿಲ್ಲ, ತಬ್ಬಿಕೊಳ್ಳಲೂ ಇಲ್ಲ.

ಹೊಲದ ಮಾತನ್ನು ನಾನೇ ತೆಗೆದೆ. ಬಾವಿ ಕಡೆಯ ಎರಡು ಎಕರೆ ನಿನಗಿರಲಿ ಅಂದೆ. ನಿಜ ಹೇಳಬೇಕೆಂದರೆ, ಅದನ್ನು ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಯ್ತು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಸ್ ಹತ್ತುವಾಗ ಮಾತ್ರ ಅಂದ, "ಬರೋ ರವಿವಾರ ಬಾ ತಮ್ಮಾ. ಅಳತೆ ಟೇಪು ತಗೊಂಡು ಬಾ."