ಮಡಿಕೇರಿಯ ಮಳೆಯಲ್ಲಿ ಲೇಸರ್‌ಡಿಸ್ಕ್ ಪ್ಲೇಯರ್ ಓಡುತ್ತದೆಯೇ?

ಮನೆಗೆ ಬಂದವರು ಟಿವಿಯ ಕೆಳಗಿರುವ ದಪ್ಪ ಪೆಟ್ಟಿಗೆಯನ್ನೂ ಅದರ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ ಅಗಲವಾದ ಕವರುಗಳನ್ನೂ ನೋಡಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಇದು ಈಗಲೂ ಓಡುತ್ತದಾ, ಇಲ್ಲ ಸುಮ್ಮನೆ ಅಂದಕ್ಕೆ ಇಟ್ಟಿದ್ದೀರಾ? ನಮ್ಮೂರಿನ ಮಳೆಗೆ ಇಂಥ ಸಾಮಾನು ತಡೆಯುತ್ತದಾ?” ಓಡುತ್ತದೆ ಎಂಬುದು ನನ್ನ ಉತ್ತರ. ತಡೆಯುವುದೂ ಓಡಿಸುವುದರಿಂದಲೇ. ಕೊಡಗಿನ ಹವೆಯಲ್ಲಿ ಈ ಯಂತ್ರಗಳು ಬಳಸಿ ಕೆಡುವುದಕ್ಕಿಂತ ಬಳಸದೆ ಕೆಡುವುದೇ ಹೆಚ್ಚು ಎಂಬುದು ನನಗೆ ಬಂದಿರುವ ಅನುಭವ.

ಲೇಸರ್‌ಡಿಸ್ಕ್ ಎಂದರೆ ದೊಡ್ಡ ಗಾತ್ರದ ಡಿವಿಡಿ ಎಂದು ತಿಳಿದವರು ಬಹಳ ಮಂದಿ. 30 ಸೆಂಟಿಮೀಟರ್ ಅಗಲದ ಈ ತಟ್ಟೆಯಲ್ಲಿರುವ ಚಿತ್ರ ಡಿಜಿಟಲ್ ಅಲ್ಲ, ಅನಲಾಗ್. ಲೇಸರ್ ಕಿರಣ ಓದುವ ಸೂಕ್ಷ್ಮ ಗುಳಿಗಳ ಉದ್ದ ಮತ್ತು ಅಂತರದಲ್ಲಿಯೇ ಚಿತ್ರದ ಸಂಕೇತ ಅಡಗಿರುತ್ತದೆ; ಸಿಡಿಯಲ್ಲಿರುವಂಥ ಡಿಜಿಟಲ್ ಧ್ವನಿ ಇದಕ್ಕೆ ಸೇರಿದ್ದು ಆಮೇಲೆ. ಫಿಲಿಪ್ಸ್ ಮತ್ತು ಅಮೆರಿಕದ ಮನರಂಜನಾ ಕಂಪನಿ ಎಂಸಿಎ ಸೇರಿ 1978ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಿಟ್ಟ ಈ ತಂತ್ರಜ್ಞಾನವನ್ನು ಕೊನೆಯವರೆಗೂ ಕೈಬಿಡದೆ ಸಾಕಿದ್ದು ಜಪಾನಿನ ಪಯೊನಿಯರ್; ಆ ಕಂಪನಿ ಪ್ಲೇಯರುಗಳ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ್ದು 2009ರಲ್ಲಿ. ವಿಎಚ್ಎಸ್ ಕ್ಯಾಸೆಟ್ಟಿನಲ್ಲಿ ಅಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರ ಕಾಣುತ್ತಿದ್ದ ಕಾಲದಲ್ಲಿ ಇದರಲ್ಲಿ 400ಕ್ಕೂ ಹೆಚ್ಚು ಗೆರೆಗಳಷ್ಟು ವಿವರ ಸಿಗುತ್ತಿತ್ತು. ನಮ್ಮಲ್ಲಿ ಮನೆಮನೆಗೆ ಬಂದದ್ದು ಕ್ಯಾಸೆಟ್ಟೇ ಆದ್ದರಿಂದ, ಇಂದು ಇಲ್ಲಿ ಲೇಸರ್‌ಡಿಸ್ಕ್ ಸಂಗ್ರಹಿಸುವವರು ಬಹುಪಾಲು ಹೊರದೇಶದಿಂದ ತರಿಸಿಕೊಂಡ ಸಾಮಾನನ್ನೇ ನಂಬಬೇಕು.

ಡಿಸ್ಕುಗಳಲ್ಲಿ ಎರಡು ಬಗೆ. ಸಿಎಲ್‌ವಿ ಎಂಬ ಬಗೆಯಲ್ಲಿ ಒಂದು ಮಗ್ಗುಲಿಗೆ ಒಂದು ಗಂಟೆಯ ಚಿತ್ರ ಹಿಡಿಯುತ್ತದೆ. ಸಿಎವಿ ಎಂಬ ಬಗೆಯಲ್ಲಿ ಅಮೆರಿಕ ಮತ್ತು ಜಪಾನಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯ ಡಿಸ್ಕಾದರೆ ಅರ್ಧ ಗಂಟೆ ಮಾತ್ರ, ಆದರೆ ಡಿಸ್ಕ್ ನಿಮಿಷಕ್ಕೆ 1800 ಸುತ್ತಿನ ಒಂದೇ ವೇಗದಲ್ಲಿ ತಿರುಗುವುದರಿಂದ ಒಂದೊಂದು ಸುತ್ತಿಗೆ ಒಂದೊಂದು ಫ್ರೇಮ್ ಸರಿಯಾಗಿ ಕೂರುತ್ತದೆ. ಮಗ್ಗುಲಿಗೆ 54,000 ಫ್ರೇಮುಗಳಲ್ಲಿ ಬೇಕಾದ ಒಂದನ್ನು ಅದರ ಸಂಖ್ಯೆ ಒತ್ತಿ ಕರೆದರೆ ಅದು ಅಲುಗಾಡದೆ ಪರದೆಯ ಮೇಲೆ ನಿಲ್ಲುತ್ತದೆ. ನನಗೆ ಈ ಯಂತ್ರದ ಮೇಲಿರುವ ಮೋಹಕ್ಕೆ ಮುಖ್ಯ ಕಾರಣ ಇದೇ.

ಇನ್ನು ಮಳೆಯ ವಿಷಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಡಿಕೇರಿ, ಭಾಗಮಂಡಲದ ಕಡೆಯ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಬೀರುವಿನೊಳಗೆ ಸಣ್ಣ ಬಲ್ಬು ಉರಿಸಿಟ್ಟು ರೇಷ್ಮೆ ಸೀರೆಗಳನ್ನು ಕಾಪಾಡುವ ಪದ್ಧತಿ ನಮ್ಮಲ್ಲಿ ಹಳೆಯದು. ಪ್ಲೇಯರಿಗೂ ಬೇಕಾಗಿರುವುದು ಅದೇ ಹದವಾದ ಬೆಚ್ಚಗೆ, ಮತ್ತು ಅದನ್ನು ಯಂತ್ರ ತಾನೇ ಹುಟ್ಟಿಸಿಕೊಳ್ಳುತ್ತದೆ: ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಅದರ ಮುಚ್ಚಳದ ಮೇಲೆ ಕೈಯಿಟ್ಟರೆ ಒಳಗಿನ ಕಾವು ತಿಳಿಯುತ್ತದೆ. ವಾರಕ್ಕೊಮ್ಮೆಯಾದರೂ ಹೀಗೆ ಓಡಿಸಿದರೆ ಲೆನ್ಸಿನ ಮೇಲೆ ತೇವ ಕೂರುವುದು ಕಡಿಮೆಯಾಗುತ್ತದೆ, ಗೇರುಗಳ ಗ್ರೀಸು ಮೇಣದಂತೆ ಗಟ್ಟಿಯಾಗುವುದು ನಿಧಾನವಾಗುತ್ತದೆ, ರಬ್ಬರ್ ಬೆಲ್ಟು ಒಂದೇ ಭಂಗಿಯಲ್ಲಿ ಮಡಿಚಿ ನಿಲ್ಲುವುದಿಲ್ಲ. ಲೇಸರ್ ಡಯೋಡಿಗೂ ಆಯುಸ್ಸಿದೆ, ಬಳಸಿದಷ್ಟೂ ಅದು ಸವೆಯುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಡಯೋಡು ಸವೆಯುವ ಮುನ್ನ ಬೆಲ್ಟು, ಗ್ರೀಸುಗಳೇ ಕೈಕೊಟ್ಟ ಪ್ಲೇಯರುಗಳನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಬೆಲ್ಟು ಸಡಿಲವಾದ ಪ್ಲೇಯರಿನ ಗುರುತು ಸುಲಭ. ಗುಂಡಿ ಒತ್ತಿದಾಗ ಮೋಟಾರು ಗುಂಯ್ ಎನ್ನುತ್ತದೆ, ಟ್ರೇ ಎರಡು ಬೆರಳಿನಷ್ಟು ಹೊರಗೆ ಬಂದು ನಿಲ್ಲುತ್ತದೆ, ಕೈಯಿಂದ ಮೆಲ್ಲಗೆ ಎಳೆದರೆ ಉಳಿದ ದಾರಿ ಬರುತ್ತದೆ. ಇದು ದೊಡ್ಡ ರೋಗವಲ್ಲ. ಮುಚ್ಚಳ ಬಿಚ್ಚಿ ಹಳೆಯ ಬೆಲ್ಟಿನ ಅಳತೆ ತೆಗೆದುಕೊಂಡು, ಟೇಪ್ ರೆಕಾರ್ಡರ್ ರಿಪೇರಿಯವರ ಹತ್ತಿರ ಸಿಗುವ ಬೆಲ್ಟುಗಳಲ್ಲಿ ಹೊಂದುವುದನ್ನು ಹಾಕಿದರೆ ಮುಗಿಯಿತು. ಡಿಸ್ಕನ್ನು ತಿರುವಿ ಹಾಕದೆಯೇ ಎರಡೂ ಮಗ್ಗುಲನ್ನು ಓದುವ ಮಾದರಿಗಳ ಕಥೆ ಬೇರೆ. ಅಲ್ಲಿ ಲೇಸರ್ ತಲೆ ಡಿಸ್ಕಿನ ಅಂಚನ್ನು ಸುತ್ತಿಕೊಂಡು, ಕೆಳಗಿನಿಂದ ಮೇಲಕ್ಕೆ ಬಾಗಿದ ಹಳಿಯ ಮೇಲೆ ಪಯಣಿಸಬೇಕು. ಗ್ರೀಸು ಗಟ್ಟಿಯಾದರೆ ತಲೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಹಳೆಯ ಪ್ಲೇಯರ್ ಕೊಳ್ಳುವಾಗ ಎರಡನೆಯ ಮಗ್ಗುಲನ್ನು ಓಡಿಸಿ ತೋರಿಸಲು ಒಪ್ಪದ ಮಾರಾಟಗಾರನನ್ನು ನಾನು ನಂಬುವುದಿಲ್ಲ.

ಡಿಸ್ಕುಗಳಿಗೆ ಬರುವ ಕಾಯಿಲೆಗೆ ನಮ್ಮ ಮಳೆಯನ್ನು ಮಾತ್ರ ದೂರಿ ಫಲವಿಲ್ಲ. ಎರಡು ಅಕ್ರಿಲಿಕ್ ತಟ್ಟೆಗಳನ್ನು ಅಂಟಿನಿಂದ ಕೂಡಿಸಿ ಡಿಸ್ಕನ್ನು ಮಾಡಿರುತ್ತಾರೆ. ತಯಾರಿಕೆಯಲ್ಲಿ ದೋಷವಿದ್ದರೆ ಒಳಗಿನ ಅಲ್ಯುಮಿನಿಯಂ ಪದರ ವರ್ಷಗಳು ಕಳೆದಂತೆ ಆಕ್ಸಿಡೀಕರಣಗೊಂಡು ಹಾಳಾಗುತ್ತದೆ. ಸಂಗ್ರಾಹಕರು ಲೇಸರ್ ರಾಟ್ ಎನ್ನುವುದು ಇದನ್ನೇ. ಕತ್ತಲ ದೃಶ್ಯ ಬಂದಾಗ ಪರದೆಯ ತುಂಬ ಬಣ್ಣದ ಚುಕ್ಕೆಗಳು ಮಿನುಗಿದರೆ ಅನುಮಾನ ಪಡಬೇಕು, ಅದಕ್ಕೆ ಔಷಧವಿಲ್ಲ. ಮೇಲ್ಮೈಯ ಬೂಷ್ಟು ಹಾಗಲ್ಲ. ಹದವಾದ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದರೆ ಅದು ಹೋಗುತ್ತದೆ. ಲೆನ್ಸಿಗೆ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಡಿಸ್ಕಿಗೆ ಹಚ್ಚಬಾರದು, ಅಕ್ರಿಲಿಕ್ ಬಿರುಕು ಬಿಡುವ ಸಂಭವವಿದೆ. ಡಿಸ್ಕುಗಳನ್ನು ಯಾವಾಗಲೂ ನಿಲ್ಲಿಸಿಯೇ ಇಡಬೇಕು, ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ. ಹೆಂಚಿನ ಮನೆಯ ಅಟ್ಟವಂತೂ ಬೇಡವೇ ಬೇಡ.

ಮಳೆಗಿಂತ ನಾನು ಹೆದರುವುದು ಕರೆಂಟಿಗೆ. ಜಪಾನಿನ ಪ್ಲೇಯರು 100 ವೋಲ್ಟಿನದು, ನಮ್ಮ ಗೋಡೆಯಲ್ಲಿ ಬರುವುದು 230. ನಡುವೆ ಸರಿಯಾದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಚುಚ್ಚಿದರೆ ಪವರ್ ಸಪ್ಲೈ ಸುಟ್ಟಿತೆಂದೇ ಲೆಕ್ಕ. ತಂತಿಯ ಮೇಲೆ ಮರ ಬಿದ್ದು ಹೋದ ಕರೆಂಟು ಮರಳುವಾಗ ವೋಲ್ಟೇಜು ಏರಿಳಿಯುವುದು ನಮಗೆ ಹೊಸದಲ್ಲ. ಹಾಗಾಗಿ ಟ್ರಾನ್ಸ್‌ಫಾರ್ಮರಿನ ಮುಂದೆ ಒಂದು ಸ್ಟೆಬಿಲೈಸರ್ ಇರಲಿ, ಕರೆಂಟು ಹೋದ ಕೂಡಲೇ ಸ್ವಿಚ್ ಆರಿಸುವ ಅಭ್ಯಾಸವೂ ಇರಲಿ.

ಯಾವ ಮಾದರಿ ಎಂದು ಕೇಳುವವರಿಗೆ ಸಾಧಾರಣವಾದದ್ದನ್ನೇ ಹೇಳುತ್ತೇನೆ. ಜಪಾನಿನ ಹೈ ವಿಷನ್ ಎಂಬ ಹೆಚ್ಚು ಸ್ಪಷ್ಟತೆಯ ಟಿವಿ ಪದ್ಧತಿಯ ಡಿಸ್ಕುಗಳನ್ನೂ ಓದುವ ಪಯೊನಿಯರ್ ಎಚ್‌ಎಲ್‌ಡಿ-ಎಕ್ಸ್9 ಸಂಗ್ರಾಹಕರ ಕನಸು, ಆದರೆ ಅದು ಕೆಟ್ಟರೆ ಇಲ್ಲಿ ಮುಟ್ಟುವವರಿಲ್ಲ. ನಮ್ಮ ಟಿವಿ ಪದ್ಧತಿಯಾದ ಪಾಲ್ (PAL) ಮತ್ತು ಎನ್‌ಟಿಎಸ್‌ಸಿ ಎರಡನ್ನೂ ಓದುವ ಸಿಎಲ್‌ಡಿ-ಡಿ925ರಂಥ ಯುರೋಪಿನ ಮಾದರಿ ನಮಗೆ ಹೆಚ್ಚು ಅನುಕೂಲ. ಬಣ್ಣವನ್ನೂ ಬೆಳಕನ್ನೂ ಬೇರೆ ಬೇರೆಯಾಗಿ ಟಿವಿಗೆ ಕಳುಹಿಸುವ ಎಸ್-ವಿಡಿಯೊ ಜಾಕ್ ಇದೆ ಎಂದು ಹೆಚ್ಚು ಹಣ ಕೊಡುವುದರಲ್ಲಿ ಯಾವಾಗಲೂ ಅರ್ಥವಿಲ್ಲ: ಡಿಸ್ಕಿನಲ್ಲಿರುವುದೇ ಬಣ್ಣ ಮತ್ತು ಬೆಳಕು ಬೆರೆತ ಕಾಂಪೊಸಿಟ್ ಸಂಕೇತವಾದ್ದರಿಂದ ಎಲ್ಲೋ ಒಂದು ಕಡೆ ಅವನ್ನು ಬೇರ್ಪಡಿಸಲೇಬೇಕು, ಆ ಕೆಲಸವನ್ನು ಟಿವಿ ಚೆನ್ನಾಗಿ ಮಾಡುವುದಾದರೆ ಕಾಂಪೊಸಿಟ್ ಸಂಕೇತವನ್ನು ಹಾಗೆಯೇ ಕಳುಹಿಸುವ ಹಳದಿ ಜಾಕೇ ಮೇಲು. ಪಿಕ್ಚರ್ ಟ್ಯೂಬಿನ ಹಳೆಯ ಟಿವಿ ಮನೆಯಲ್ಲಿ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಈ ಚಿತ್ರ ಅದರಲ್ಲಿಯೇ ಚೆನ್ನ.

ಇಂಥ ಭಾರದ ಪೆಟ್ಟಿಗೆ ಘಾಟಿ ಹತ್ತಿ ಬರುವಷ್ಟರಲ್ಲಿ ಬಹಳ ಕುಲುಕಾಡಿರುತ್ತದೆ. ಕಳುಹಿಸುವವರು ಒಳಗೆ ಡಿಸ್ಕ್ ಬಿಟ್ಟಿರಬಾರದು, ಸಾಗಣೆಯ ಸ್ಕ್ರೂ ಇರುವ ಮಾದರಿಯಾದರೆ ಅದನ್ನು ಬಿಗಿದಿರಬೇಕು. ಮಳೆಗಾಲದಲ್ಲಿ ಪಾರ್ಸೆಲ್ ಬಂದರೆ ಬಿಚ್ಚಿ ಒಂದು ರಾತ್ರಿ ಒಣಗಿದ ಕೋಣೆಯಲ್ಲಿಟ್ಟು, ಆ ಸ್ಕ್ರೂ ತೆಗೆದ ಮೇಲಷ್ಟೇ ಸ್ವಿಚ್ ಹಾಕಿ.