ಕ್ರಿಯಾವರ್ಧಕ ಹಾಕದ ಫ್ಲಾಸ್ಕ್

ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಕೊಡುವ ಕೆಲಸ ಹಲವರಿಗೆ ಬೇಸರ ತರಿಸುತ್ತದೆ. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಕ್ರಿಯಾವರ್ಧಕ (ಕೆಟಲಿಸ್ಟ್) ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಫ್ಲಾಸ್ಕಿಗೆ ಹಾಕಿ, ಅಷ್ಟೇ ಶಾಖದಲ್ಲಿ, ಅಷ್ಟೇ ಹೊತ್ತು ಕಲಕಿ, ಏನೂ ಆಗಲಿಲ್ಲ ಎಂದು ತೋರಿಸಿ ಎನ್ನುತ್ತೇನೆ. ನಮ್ಮಲ್ಲಿ ಇದಕ್ಕೆ ಬ್ಲ್ಯಾಂಕ್ ಎನ್ನುತ್ತಾರೆ. ಎಂಎಸ್ಸಿ ಮುಗಿಸಿ, ಹೊಸ ಅಣುಗಳನ್ನು ಕಟ್ಟುವ ಹುಮ್ಮಸ್ಸಿನಲ್ಲಿ ಬಂದವರಿಗೆ ಏನೂ ಆಗದಿರುವುದನ್ನು ಕಾದು ನೋಡುವುದು ಶಿಕ್ಷೆಯಂತೆ ಕಾಣುವುದು ಸಹಜ. ಆದರೂ ಈ ವೃತ್ತಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಪಾಡಿರುವುದು ಈ ಫ್ಲಾಸ್ಕೇ.

ನಾನು ಬೆಂಗಳೂರಿನ ಹೊರವಲಯದ ಒಂದು ಗುತ್ತಿಗೆ ಸಂಶೋಧನಾ ಸಂಸ್ಥೆಯಲ್ಲಿ ಸಾವಯವ ರಸಾಯನಶಾಸ್ತ್ರಜ್ಞೆ. ಔಷಧ ಕಂಪನಿಗಳು ಬೇಕೆಂದ ಅಣುವನ್ನು ಮಾಡಿಕೊಡುವುದು, ಮಾಡುವ ದಾರಿಯನ್ನು ಸುಧಾರಿಸುವುದು ನಮ್ಮ ಕೆಲಸ. ಇಂಗಾಲಕ್ಕೆ ಇಂಗಾಲವನ್ನು ಬೆಸೆಯಲು ನಾವು ಹೆಚ್ಚಾಗಿ ನೆಚ್ಚಿಕೊಂಡಿರುವುದು ಸುಜುಕಿ ಕ್ರಿಯೆಯನ್ನು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಅಕಿರ ಸುಜುಕಿ ಮತ್ತು ನೊರಿಯೊ ಮಿಯೌರ 1979ರಲ್ಲಿ ಪ್ರಕಟಿಸಿದ ವಿಧಾನವಿದು. 2010ರ ನೊಬೆಲ್ ಪ್ರಶಸ್ತಿಯನ್ನು ಸುಜುಕಿಯವರು ಹೆಕ್ ಮತ್ತು ನೆಗಿಶಿ ಅವರೊಂದಿಗೆ ಹಂಚಿಕೊಂಡರು. ಬೋರಾನ್ ಇರುವ ಒಂದು ಸಂಯುಕ್ತ, ಬ್ರೋಮಿನ್ ಇರುವ ಇನ್ನೊಂದು, ಜೊತೆಗೆ ಸೋಡಿಯಂ ಕಾರ್ಬೊನೇಟ್‌ನಂಥ ಒಂದು ಪ್ರತ್ಯಾಮ್ಲ. ನಡುವೆ ನಿಂತು ಎರಡನ್ನೂ ಕೂಡಿಸುವ ಕ್ರಿಯಾವರ್ಧಕ ಪೆಲ್ಲಾಡಿಯಂ ಎಂಬ ಲೋಹ.

ಪೆಲ್ಲಾಡಿಯಂ ದುಬಾರಿ. ಅದಕ್ಕಿಂತ ದೊಡ್ಡ ತಲೆನೋವೆಂದರೆ ಅದು ಔಷಧದಲ್ಲಿ ಉಳಿದುಬಿಡುವುದು. ಐಸಿಎಚ್ ಕ್ಯೂ3ಡಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ನುಂಗುವ ಔಷಧದ ಮೂಲಕ ದಿನಕ್ಕೆ 100 ಮೈಕ್ರೋಗ್ರಾಂಗಿಂತ ಹೆಚ್ಚು ಪೆಲ್ಲಾಡಿಯಂ ದೇಹ ಸೇರುವಂತಿಲ್ಲ. ಚುಚ್ಚುಮದ್ದಿಗಾದರೆ ಮಿತಿ 10 ಮೈಕ್ರೋಗ್ರಾಂ. ಹೀಗಾಗಿ ಪೆಲ್ಲಾಡಿಯಂ ಬಿಟ್ಟು ಅಗ್ಗದ ಕಬ್ಬಿಣದಿಂದ ಇದೇ ಕೆಲಸ ಮಾಡಿಸಲು ಸಾಧ್ಯವೇ ನೋಡಿ ಎಂದು ಗ್ರಾಹಕ ಕಂಪನಿಯೊಂದು ಕೇಳಿದಾಗ ನಮಗೆಲ್ಲ ಉತ್ಸಾಹವೇ ಬಂತು.

ಹಾವೇರಿ ಕಡೆಯ ಯುವ ಸಹೋದ್ಯೋಗಿಯೊಬ್ಬ ಅದನ್ನು ಕೈಗೆತ್ತಿಕೊಂಡ. ಬೇರೆಬೇರೆ ಕಬ್ಬಿಣದ ಲವಣ, ಲೋಹಕ್ಕೆ ಅಂಟಿಕೊಂಡು ಅದರ ವರ್ತನೆಯನ್ನು ಬದಲಿಸುವ ಬೇರೆಬೇರೆ ಲಿಗ್ಯಾಂಡ್ ಹಾಕಿ ನೋಡುತ್ತಾ ಹೋದವನಿಗೆ ಒಂದು ಸಂಜೆ ಕೈಗೂಡಿತು. ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರೆಬೇರೆ ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ ದೀಪದಡಿ ಹಿಡಿದು ತೋರಿಸಿದ. ನಾವು ಹಾಕಿದ್ದ ಬ್ರೋಮಿನ್ ಸಂಯುಕ್ತದ ಚುಕ್ಕೆ ಬಹುತೇಕ ಮಾಸಿತ್ತು. ಅದರ ಕೆಳಗೆ, ನಮಗೆ ಬೇಕಾದ ಜಾಗದಲ್ಲೇ, ನೀಲಿಯಾಗಿ ಹೊಳೆಯುವ ಹೊಸ ಚುಕ್ಕೆ. ಅಣುವಿನ ತೂಕ ತಿಳಿಸುವ ಮಾಸ್ ಸ್ಪೆಕ್ಟ್ರಮ್ ಕೂಡ ಅದನ್ನೇ ಹೇಳಿತು. ಬ್ಲ್ಯಾಂಕ್ ಹಾಕಿದ್ದೀಯಾ ಎಂದು ಕೇಳಿದೆ. ಇನ್ನೂ ಹಾಕಿರಲಿಲ್ಲ. ಮರುದಿನ ಹಾಕಿದ. ಮಧ್ಯಾಹ್ನ ಪ್ಲೇಟ್ ಹಿಡಿದು ಬಂದಾಗ ಅವನ ಮುಖ ಸಪ್ಪಗಾಗಿತ್ತು.

“ಮೇಡಂ, ಇದರಲ್ಲಿ ಕಬ್ಬಿಣವನ್ನೇ ಹಾಕಿಲ್ಲ. ಆದರೂ ಚುಕ್ಕೆ ಬಂದಿದೆ.”

ಅಲ್ಲಿಂದ ಮುಂದಿನದು ಪತ್ತೇದಾರಿ ಕೆಲಸ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಇದರಲ್ಲಿ ಅವಸರ ಮಾಡಿದರೆ ಕೈಗೆ ಏನೂ ಸಿಗುವುದಿಲ್ಲ. ಹೊಸ ಫ್ಲಾಸ್ಕ್ ತಂದೆವು, ನೀಲಿ ಚುಕ್ಕೆ ಹೋಗಲಿಲ್ಲ. ಕಾರ್ಬೊನೇಟಿನ ಹೊಸ ಬಾಟಲಿ ಒಡೆದೆವು, ಆಗಲೂ ಹೋಗಲಿಲ್ಲ. ಬೋರಾನ್ ಇರುವ ಸಂಯುಕ್ತವಾದ ಬೋರೋನಿಕ್ ಆಮ್ಲವನ್ನು ಬೇರೆ ಪೂರೈಕೆದಾರರಿಂದ ತರಿಸಿದೆವು, ಫಲಿತಾಂಶ ಅದೇ. ಕೊನೆಗೆ ಫ್ಲಾಸ್ಕಿನೊಳಗೆ ತಿರುಗುವ ಮ್ಯಾಗ್ನೆಟಿಕ್ ಬೀಡನ್ನು ಬದಲಿಸಿದಾಗ ಪ್ಲೇಟ್ ಖಾಲಿಯಾಯಿತು. ಹೊಸ ಬೀಡಿನ ಜೊತೆ ಕಬ್ಬಿಣ ಹಾಕಿದಾಗಲೂ ಖಾಲಿಯೇ. ಹಳೆಯ ಬೀಡನ್ನು ಮತ್ತೆ ಹಾಕಿದೊಡನೆ ನೀಲಿ ಮರಳಿತು. ಇಷ್ಟು ದಿನ ನಾವು ಕಬ್ಬಿಣದ ಲೆಕ್ಕಕ್ಕೆ ಬರೆದಿದ್ದ ಕೆಲಸವನ್ನು ಮಾಡುತ್ತಿದ್ದದ್ದು ಆ ಬೀಡು.

ಅದನ್ನು ಭೂತಗನ್ನಡಿಯಡಿ ಇಟ್ಟು ನೋಡಿದೆ. ಬೀಡೆಂದರೆ ಬಿಳಿಯ ಟೆಫ್ಲಾನ್ ಹೊದಿಕೆಯ ಪುಟ್ಟ ಅಯಸ್ಕಾಂತ. ನಡುವೆ ಉಬ್ಬಿದ ಒಂದು ಉಂಗುರವಿರುತ್ತದೆ. ಗಾಜಿಗೆ ಉಜ್ಜಿ ಉಜ್ಜಿ ಉಂಗುರ ಸವೆದಿತ್ತು. ಅದರ ಅಂಚಿನ ಗೀರುಗಳಲ್ಲಿ ಪೆನ್ಸಿಲ್ಲಿನಿಂದ ಎಳೆದಷ್ಟು ತೆಳುವಾದ ಕಪ್ಪು ಗೆರೆಗಳು. ಹಿಂದೆ ಯಾರೋ ಅದೇ ಬೀಡನ್ನು ಪೆಲ್ಲಾಡಿಯಂ ಕ್ರಿಯೆಗಳಿಗೆ ಬಳಸಿ, ಅಸಿಟೋನಿನಲ್ಲಿ ತೊಳೆದು, ಡಬ್ಬಿಗೆ ಹಾಕಿದ್ದರು. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ಆಕ್ವಾ ರೀಜಿಯಾ ಚಿನ್ನವನ್ನೂ ಕರಗಿಸುತ್ತದೆ. ರಾತ್ರಿಯಿಡೀ ಬೀಡನ್ನು ಅದರಲ್ಲಿ ನೆನೆಹಾಕಿದೆವು. ಕಪ್ಪು ಹೋಯಿತು. ಬ್ಲ್ಯಾಂಕಿನಲ್ಲಿ ನೀಲಿ ಮಾತ್ರ ಮಸುಕಾಗಿ ಉಳಿದೇ ಇತ್ತು. ನಿನ್ನೆ ಮೊಸರಿದ್ದ ಪಾತ್ರೆಯನ್ನು ಬರೀ ನೀರಿನಲ್ಲಿ ಗಲಬರಿಸಿ ಹಾಲು ಸುರಿದರೆ ಹೆಪ್ಪು ಹಾಕದಿದ್ದರೂ ಹಾಲು ಹೆಪ್ಪುಗಟ್ಟುತ್ತದಲ್ಲ, ಹಾಗೆ. ಮಾಸ್ಕೋದ ಜೆಲಿನ್‌ಸ್ಕಿ ಸಾವಯವ ರಸಾಯನಶಾಸ್ತ್ರ ಸಂಸ್ಥೆಯ ಅನನಿಕೋವ್ ತಂಡ 2019ರಲ್ಲಿ ಇದನ್ನೇ ವಿವರವಾಗಿ ಪ್ರಕಟಿಸಿತ್ತು. ಬಳಸಿದ ಬೀಡುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಟೆಫ್ಲಾನಿನ ಬಿರುಕುಗಳಲ್ಲಿ ಪೆಲ್ಲಾಡಿಯಂ ಸಹಿತ ಲೋಹಗಳ ಕಣಗಳು ಸಿಕ್ಕಿಕೊಂಡಿದ್ದವು. ಕ್ರಿಯಾವರ್ಧಕಗಳ ಮೇಲೆ ಕೆಲಸ ಮಾಡುವ ಪ್ರತಿಯೊಬ್ಬರೂ ಆ ಚಿತ್ರಗಳನ್ನು ಒಮ್ಮೆ ನೋಡಲೇಬೇಕು.

ಎಷ್ಟು ಪೆಲ್ಲಾಡಿಯಂ ಇದ್ದರೆ ಇಂಥ ಮೋಸ ಆಗಬಹುದು? ನಿಕೋಲಸ್ ಲೆಡ್‌ಬೀಟರ್ ತಂಡ 2003ರಲ್ಲಿ, ಯಾವ ಲೋಹವೂ ಇಲ್ಲದೆ, ಮೈಕ್ರೋವೇವ್ ಶಾಖದಲ್ಲಿ, ನೀರಿನಲ್ಲೇ ಸುಜುಕಿ ಕ್ರಿಯೆ ನಡೆಯುತ್ತದೆ ಎಂದು ವರದಿ ಮಾಡಿತು. ಅದೇ ತಂಡ ಬಿಡದೆ ಬೆನ್ನುಹತ್ತಿ, 2005ರಲ್ಲಿ ಕಾರಣವನ್ನೂ ತಾನೇ ಪ್ರಕಟಿಸಿತು: ಅಂಗಡಿಯಿಂದ ತಂದ ಸೋಡಿಯಂ ಕಾರ್ಬೊನೇಟಿನಲ್ಲಿ ಶತಕೋಟಿಗೆ 50 ಪಾಲಿನಷ್ಟು ಪೆಲ್ಲಾಡಿಯಂ ಇತ್ತು. ಅಂದರೆ 20 ಟನ್ ಸೋಡಾದಲ್ಲಿ ಒಂದು ಗ್ರಾಂ. ತಮ್ಮದೇ ಸಂಶೋಧನೆಯ ಅಡಿಪಾಯವನ್ನು ತಾವೇ ಅಗೆದು ತೋರಿಸಿದ ಆ ಎರಡನೆಯ ಪ್ರಬಂಧದ ಬಗ್ಗೆ ನನಗೆ ಮೊದಲನೆಯದಕ್ಕಿಂತ ಹೆಚ್ಚು ಗೌರವವಿದೆ. ಕಬ್ಬಿಣದ್ದೂ ಇಂಥದೇ ಕಥೆ. ಕಬ್ಬಿಣದ ಕ್ಲೋರೈಡ್ ಮಾಡಿತೆಂದು ನಂಬಲಾಗಿದ್ದ ಕೆಲವು ಜೋಡಣೆಗಳ ಹಿಂದೆ ಅದರಲ್ಲಿ ಸೇರಿಕೊಂಡಿದ್ದ ತಾಮ್ರದ ಲವಲೇಶವಿರಬಹುದೆಂದು 2009ರಲ್ಲಿ ಸ್ಟೀಫನ್ ಬುಕ್ವಾಲ್ಡ್ ಮತ್ತು ಕಾರ್ಸ್ಟನ್ ಬೋಲ್ಮ್ ಒಟ್ಟಾಗಿ ಬರೆದರು. ಕಬ್ಬಿಣದ ಆ ವಿಧಾನಗಳನ್ನು ಮೊದಲು ಮುಂದಿಟ್ಟವರಲ್ಲಿ ಬೋಲ್ಮ್ ಅವರೂ ಒಬ್ಬರು.

“ಹಾಗಾದರೆ ಇಷ್ಟು ದಿನದ ಕೆಲಸವೆಲ್ಲ ವ್ಯರ್ಥವೇ ಮೇಡಂ?” ಎಂದು ಆ ಹುಡುಗ ಕೇಳಿದ. ನಾನು ಕಾರ್ಲ್ ಜೀಗ್ಲರ್ ಅವರ ಪ್ರಯೋಗಾಲಯದ ಕಥೆ ಹೇಳಿದೆ. 1953ರ ಸುಮಾರಿಗೆ ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಅವರ ತಂಡ ಅಲ್ಯೂಮಿನಿಯಂ ಸಂಯುಕ್ತವೊಂದಕ್ಕೆ ಎಥಿಲೀನ್ ಸೇರಿಸುತ್ತಾ ಉದ್ದನೆಯ ಇಂಗಾಲದ ಸರಪಳಿಗಳನ್ನು ಬೆಳೆಸುತ್ತಿತ್ತು. ಹೋಲ್ಜ್‌ಕಾಂಪ್ ಎಂಬ ವಿದ್ಯಾರ್ಥಿಯ ಪ್ರಯೋಗದಲ್ಲಿ ಸರಪಳಿ ಬೆಳೆಯದೆ, ನಾಲ್ಕೇ ಇಂಗಾಲದ ಬ್ಯೂಟೀನ್‌ಗೆ ನಿಂತಿತು. ಪಾತ್ರೆ ಕೆಟ್ಟಿದೆ ಎಂದು ಬದಿಗಿಟ್ಟು ಮುಂದೆ ಹೋಗಬಹುದಿತ್ತು. ಅವರು ಕಾರಣ ಹುಡುಕಿದರು. ಆಟೊಕ್ಲೇವ್ ಎಂಬ ಆ ಒತ್ತಡದ ಪಾತ್ರೆಯೊಳಗಿನ ನಿಕೆಲ್‌ನ ಲವಲೇಶ ಸಿಕ್ಕಿಬಿತ್ತು. ನಿಕೆಲ್ ಹೀಗೆ ಮಾಡುವುದಾದರೆ ಬೇರೆ ಲೋಹಗಳು ಏನು ಮಾಡುತ್ತವೆ ಎಂದು ಒಂದೊಂದನ್ನೇ ಹಾಕಿ ನೋಡಿದರು. ಜಿರ್ಕೋನಿಯಂ, ಟೈಟಾನಿಯಂಗಳ ಸರದಿ ಬಂದಾಗ ಪಾಲಿಎಥಿಲೀನ್ ಸಿಕ್ಕಿತು. ಇಂದು ನಮ್ಮ ಮನೆಗಳಲ್ಲಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಕೊಡಗಳ ತಯಾರಿಕೆಯ ಹಿಂದೆ ಆ ಶೋಧವಿದೆ. 1963ರಲ್ಲಿ ಜೀಗ್ಲರ್ ಮತ್ತು ಇಟಲಿಯ ನಟ್ಟಾ ಅವರಿಗೆ ನೊಬೆಲ್ ಬಂತು.

ಕ್ರೋಮಿಯಂನ ಕಥೆ ನನಗೆ ಇನ್ನೂ ಪ್ರಿಯ. ಕ್ರೋಮಿಯಂ ಕ್ಲೋರೈಡ್ ಬಳಸಿ ಇಂಗಾಲಗಳನ್ನು ಜೋಡಿಸುವ ವಿಧಾನವನ್ನು ಜಪಾನಿನ ನೊಜಾಕಿ ಮತ್ತು ಹಿಯಾಮ 1970ರ ದಶಕದಲ್ಲಿ ಕಂಡುಹಿಡಿದಿದ್ದರು. ತೊಂದರೆಯೆಂದರೆ, ಒಂದು ಬಾಟಲಿಯ ಕ್ರೋಮಿಯಂ ಚೆನ್ನಾಗಿ ಕೆಲಸ ಮಾಡಿದರೆ ಇನ್ನೊಂದರದು ಕೈಕೊಡುತ್ತಿತ್ತು. 1986ರಲ್ಲಿ ಹಾರ್ವರ್ಡ್‌ನ ಯೋಶಿತೊ ಕಿಶಿ ತಂಡವೂ ಜಪಾನಿನ ನೊಜಾಕಿ ತಂಡವೂ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು: ಒಳ್ಳೆಯ ಬಾಟಲಿಗಳಲ್ಲಿ ನಿಕೆಲ್‌ನ ಕಲಬೆರಕೆಯಿತ್ತು. ಅಂದಿನಿಂದ ಅಳತೆ ಮಾಡಿ ನಿಕೆಲ್ ಹಾಕತೊಡಗಿದರು. ಸ್ತನ ಕ್ಯಾನ್ಸರಿಗೆ ಕೊಡುವ ಎರಿಬುಲಿನ್ ಔಷಧವನ್ನು ತಯಾರಿಸುವಾಗ ಇಂದಿಗೂ ಈ ಕ್ರಿಯೆ ಬಳಕೆಯಲ್ಲಿದೆ. ಒಂದು ಕೊಳೆ, ಹೆಸರು ಮತ್ತು ಅಳತೆ ಸಿಕ್ಕ ಮೇಲೆ, ರೋಗಿಗಳ ಜೀವ ಉಳಿಸುವ ವಿಧಾನದ ಭಾಗವಾಯಿತು. ಇದನ್ನು ಹೇಳುವಾಗ ಈಗಲೂ ನನ್ನ ಮನಸ್ಸು ತುಂಬಿ ಬರುತ್ತದೆ.

ನಾವೂ ಅದೇ ದಾರಿ ಹಿಡಿದೆವು. ಬೀಡಿನ ಗೀರಿನಲ್ಲಿದ್ದಷ್ಟು ಪೆಲ್ಲಾಡಿಯಂ ಸಾಕಾಗುವುದಾದರೆ, ಹಳೆಯ ವಿಧಾನದಲ್ಲಿ ನಾವು ಅಷ್ಟೊಂದು ಏಕೆ ಸುರಿಯುತ್ತಿದ್ದೇವೆ? ಹೊಸ ಬೀಡು, ಹೊಸ ಫ್ಲಾಸ್ಕ್ ಇಟ್ಟುಕೊಂಡು, ಪೆಲ್ಲಾಡಿಯಂ ಅಸಿಟೇಟಿನ ದ್ರಾವಣವನ್ನು ಮೇಲಿಂದ ಮೇಲೆ ತೆಳುಮಾಡುತ್ತಾ ಹಾಕಿ ನೋಡಿದೆವು. ಪೆಲ್ಲಾಡಿಯಂನಿಂದಲೇ ಇಂಗಾಲಗಳನ್ನು ಬೆಸೆಯುವ ಇನ್ನೊಂದು ವಿಧಾನವಾದ ಹೆಕ್ ಕ್ರಿಯೆಯಲ್ಲಿ ಇದು ಮೊದಲೇ ಗೊತ್ತಿದ್ದ ಸಂಗತಿ. ನೆದರ್ಲೆಂಡ್ಸ್‌ನ ಡಿಎಸ್‌ಎಂ ಕಂಪನಿಯ ಡಿ ವ್ರೀಸ್ ತಂಡ 2003ರಲ್ಲೇ, ಲಿಗ್ಯಾಂಡ್ ಇಲ್ಲದೆ ಶೇಕಡಾ 0.01ರಿಂದ 0.1ರಷ್ಟು ಪೆಲ್ಲಾಡಿಯಂ ಸಾಕೆಂದು ತೋರಿಸಿತ್ತು. ಹೆಚ್ಚು ಹಾಕಿದರೆ ಪರಮಾಣುಗಳು ಒಂದಕ್ಕೊಂದು ಅಂಟಿ, ಕಪ್ಪು ಪುಡಿಯಾಗಿ ತಳ ಸೇರಿ, ನಿಷ್ಕ್ರಿಯವಾಗುತ್ತವೆ. ಕಡಿಮೆ ಇದ್ದರೆ ಚದುರಿಕೊಂಡೇ ಇದ್ದು ದುಡಿಯುತ್ತವೆ. ನಮ್ಮ ಅಣುವಿಗೂ ಹಳೆಯ ಪ್ರಮಾಣದ ಒಂದು ಸಣ್ಣ ಪಾಲು ಸಾಕಾಯಿತು. ಕಬ್ಬಿಣ ಈ ಕ್ರಿಯೆಯನ್ನು ಮಾಡುವುದಿಲ್ಲ, ಇಂತಿಂಥ ಬ್ಲ್ಯಾಂಕುಗಳಿಂದ ಅದು ಖಚಿತವಾಗಿದೆ, ಪೆಲ್ಲಾಡಿಯಂ ಅನ್ನು ಮಾತ್ರ ಇಷ್ಟು ಇಳಿಸಬಹುದು ಎಂದು ಗ್ರಾಹಕರಿಗೆ ವರದಿ ಬರೆದೆವು. ಕೇಳಿದ್ದು ಅದಲ್ಲದಿದ್ದರೂ ಅವರು ಸಂತೋಷದಿಂದ ಒಪ್ಪಿದರು. ವರದಿಯ ಮೊದಲ ಹೆಸರು ಆ ಹುಡುಗನದು.

ಆಮೇಲೆ ಪ್ರಯೋಗಾಲಯದಲ್ಲಿ ಕೆಲವು ಅಭ್ಯಾಸಗಳನ್ನು ಬದಲಿಸಿದೆವು. ಪೆಲ್ಲಾಡಿಯಂ ಕಂಡ ಬೀಡುಗಳಿಗೆ ಬೇರೆ ಡಬ್ಬಿ. ಹೊಸ ಕ್ರಿಯಾವರ್ಧಕವನ್ನು ಪರೀಕ್ಷಿಸುವಾಗ ಹೊಸ ಬೀಡೇ ಆಗಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿಯೊಂದು ರಾಸಾಯನಿಕದ ಹೆಸರಿನ ಪಕ್ಕದಲ್ಲಿ ಲಾಟ್ ಸಂಖ್ಯೆ ಬರೆಯಬೇಕು, ಉಪ್ಪು, ಸೋಡಾ ಕೂಡ ಬಿಡುವಂತಿಲ್ಲ. ಲೋಹವಿಲ್ಲದ ಕ್ರಿಯೆ ಎಂದು ಯಾರಾದರೂ ಹೇಳಿದರೆ ಲೋಹದ ಲವಲೇಶವನ್ನೂ ಪತ್ತೆ ಮಾಡುವ ಐಸಿಪಿ-ಎಂಎಸ್ ಯಂತ್ರದಲ್ಲಿ ಅಳೆದ ಅಂಕಿ ಜೊತೆಗಿರಬೇಕು. ಆ ಅಂಕಿಯೊಂದೇ ಸಾಲದು. ಅಷ್ಟೇ ಪೆಲ್ಲಾಡಿಯಂ ಅನ್ನು ಬೇಕೆಂದೇ ಹಾಕಿ, ಅಷ್ಟಕ್ಕೆ ಕ್ರಿಯೆ ನಡೆಯುತ್ತದೆಯೇ ಎಂದೂ ನೋಡಬೇಕು.

ಇದಕ್ಕೆಲ್ಲ ಸಮಯ ಬೇಕು, ಸಮಯಕ್ಕೆ ಹಣ ಬೇಕು. ಗುತ್ತಿಗೆ ಕೆಲಸದಲ್ಲಿ ವಾರದ ವರದಿಗೆ ಹೊಸ ಅಣುಗಳು ಬೇಕಾಗುತ್ತವೆ. ಖಾಲಿ ಪ್ಲೇಟಿಗೆ ಅಲ್ಲಿ ಸ್ಥಳವಿರುವುದಿಲ್ಲ. ಅದಕ್ಕೇ ಈಗ ಯೋಜನೆಯ ಅಂದಾಜು ಪಟ್ಟಿಯಲ್ಲೇ ಬ್ಲ್ಯಾಂಕುಗಳಿಗೆ ಒಂದು ಸಾಲು ಮೀಸಲಿಡುತ್ತೇನೆ. ಇದೇಕೆ ಎಂದು ಕೇಳಿದ ಗ್ರಾಹಕರಿಗೆ 2021ರ ಪ್ರಕರಣವೊಂದನ್ನು ವಿವರಿಸುತ್ತೇನೆ. ಆ ವರ್ಷ ‘ನೇಚರ್ ಕೆಟಲಿಸಿಸ್’ ಪತ್ರಿಕೆಯಲ್ಲಿ, ಲೋಹವೇ ಬೇಡ, ಒಂದು ಅಮೈನ್ (ಸಾರಜನಕವಿರುವ ಸಾವಯವ ಸಂಯುಕ್ತ) ಸಾಕು, ಸುಜುಕಿ ಕ್ರಿಯೆ ನಡೆಯುತ್ತದೆ ಎಂಬ ಪ್ರಬಂಧ ಬಂತು. ಹಲವು ತಂಡಗಳು ಪರೀಕ್ಷಿಸಿದವು. ಆ ಅಮೈನನ್ನು ತಯಾರಿಸುವ ಹಂತದಲ್ಲೇ ಪೆಲ್ಲಾಡಿಯಂ ಬಳಸಲಾಗಿತ್ತು, ಅದರ ಲವಲೇಶ ಅಮೈನಿನಲ್ಲೇ ಉಳಿದಿತ್ತು. ವರ್ಷ ಮುಗಿಯುವುದರೊಳಗೆ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಇಷ್ಟು ಹೇಳಿದ ಮೇಲೆ ಆ ಸಾಲನ್ನು ಅಂದಾಜಿನಿಂದ ತೆಗೆಯಿರಿ ಎಂದು ಈವರೆಗೆ ಯಾರೂ ಕೇಳಿಲ್ಲ.