ಮೂವತ್ತಮೂರು ವರ್ಷ ತಡವಾದ ತಿದ್ದುಪಡಿ

ನಮ್ಮ ಕಾಲೇಜು ಸಂಚಿಕೆಯ 1984ರ ಪ್ರತಿ ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ಕ್ರೀಡಾ ವಿಭಾಗದ ಕೊನೆಯಲ್ಲಿ ‘ಅಮೆರಿಕದಿಂದ ಒಂದು ಪತ್ರ’ ಅಂತ ಒಂದು ಪುಟ ಇರಬೇಕು. ಬರೆದವನು ನಾನೇ. ಸಂಚಿಕೆಗೆ ಅಂತ ಬರೆದದ್ದಲ್ಲ. ನಮ್ಮ ಪಿ.ಡಿ. ಸರ್‌ಗೆ, ಅಂದರೆ ಕಾಲೇಜಿನ ಆಟದ ಮೇಷ್ಟ್ರಿಗೆ, ನೀಲಿ ಏರೋಗ್ರಾಮಿನಲ್ಲಿ ಬರೆದ ಕಾಗದ. ಅವರು ಅದನ್ನು ಮೊದಲು ನೋಟಿಸ್ ಬೋರ್ಡಿಗೆ ಚುಚ್ಚಿಸಿದರು, ಆಮೇಲೆ ಅಚ್ಚಿಗೂ ಕೊಟ್ಟುಬಿಟ್ಟರು. ಆ ಪುಟದಲ್ಲಿ ಒಂದು ಸುಳ್ಳಿದೆ. ಈ ಸಲ ಸಂಪಾದಕರು ‘ಏನಾದರೂ ನೆನಪು ಬರೆದುಕೊಡಿ ಸರ್’ ಅಂದಾಗ ಹಾಸ್ಟೆಲಿನ ಸಾರಿನ ಬಗ್ಗೆ ಬರೆದು ಪಾರಾಗಬಹುದಿತ್ತು. ಅದನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ.

ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟು ಆಗ ವರ್ಕ್‌ಶಾಪಿನ ಹಿಂದಿತ್ತು. ಸಿಮೆಂಟಿನ ನೆಲ, ಮಳೆಗೆ ಉಬ್ಬಿದ ಮರದ ಬೋರ್ಡು, ವೆಲ್ಡಿಂಗ್ ಸೆಕ್ಷನ್ನಿನಲ್ಲಿ ಮಾಡಿಸಿದ ರಿಂಗು. ರಿಂಗು ಸ್ವಲ್ಪ ಎಡಕ್ಕೆ ವಾಲಿತ್ತು. ಅದು ಗೊತ್ತಿದ್ದ ನಾವು ಗೆಲ್ಲುತ್ತಿದ್ದೆವು, ಗೊತ್ತಿಲ್ಲದೆ ಬಂದ ಟೀಮುಗಳು ಸೋಲುತ್ತಿದ್ದವು. ಪಿ.ಡಿ. ಸರ್ ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಬೈಯುತ್ತಿದ್ದರು. ‘ಬಾಲು ನೋಡಬೇಡವೋ, ಕಣ್ಣು ನೋಡಬೇಡವೋ, ಎದುರಿನವನ ಸೊಂಟ ನೋಡು. ಕಣ್ಣು ಮೋಸ ಮಾಡುತ್ತೆ, ಕೈ ಮೋಸ ಮಾಡುತ್ತೆ, ಸೊಂಟ ಮಾಡಲ್ಲ.’ ಐದು ವರ್ಷದ ಮೆಕ್ಯಾನಿಕಲ್ ಓದಿನಲ್ಲಿ ನಾನು ಅಷ್ಟು ಗಟ್ಟಿಯಾಗಿ ನಂಬಿದ ಸೂತ್ರ ಬೇರೊಂದಿರಲಿಲ್ಲ.

1983ರ ಆಗಸ್ಟಿನಲ್ಲಿ ಎಂ.ಎಸ್. ಓದಲು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿಗೆ ಹೋದೆ. ನ್ಯೂಯಾರ್ಕ್ ಅಂದ ತಕ್ಷಣ ಮನೆಯವರೆಲ್ಲ ಎತ್ತರದ ಕಟ್ಟಡಗಳನ್ನು ಕಲ್ಪಿಸಿಕೊಂಡಿದ್ದರು. ಸಿರಾಕ್ಯೂಸ್ ಇರುವುದು ಆ ಮಹಾನಗರದಿಂದ ಐದು ತಾಸಿನ ದಾರಿಯಲ್ಲಿ, ಹಿಂದೆ ಉಪ್ಪು ಮಾಡುತ್ತಿದ್ದ ಊರು. ಹಿಮವಂತೂ ವರ್ಷಕ್ಕೆ ನೂರು ಅಂಗುಲ ದಾಟಿ ಬೀಳುತ್ತದೆ. ಮೈಸೂರಿನ ಚಳಿಗೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದ ನನಗೆ ನವೆಂಬರಿನಲ್ಲೇ ಊರು ಸಾಕಾಗಿತ್ತು. ಆ ಊರಿನಲ್ಲಿ ಬೆಚ್ಚಗಿದ್ದ ಜಾಗ ಅಂದರೆ ಕ್ಯಾರಿಯರ್ ಡೋಮ್, ಯೂನಿವರ್ಸಿಟಿಯ ಒಳಾಂಗಣ ಸ್ಟೇಡಿಯಂ. 1980ರಲ್ಲಿ ತೆರೆದದ್ದು. ಬಟ್ಟೆಯಂಥ ಬಿಳಿ ಚಾವಣಿಯನ್ನು ಒಳಗಿನ ಗಾಳಿಯ ಒತ್ತಡವೇ ಎತ್ತಿ ಹಿಡಿದಿರುತ್ತಿತ್ತು. ಹಾಗಾಗಿ ಒಳಗೆ ಹೊರಗೆ ಓಡಾಡಲು ತಿರುಗುವ ಬಾಗಿಲು. ಮಾಮೂಲಿ ಬಾಗಿಲು ತೆರೆದರೆ ಗಾಳಿ ಹಿಂದಿನಿಂದ ನೂಕಿ ಹೊರಗೆಸೆಯುತ್ತಿತ್ತು. ಎ.ಸಿ. ಮಾಡುವ ಕಂಪನಿಯ ಹೆಸರು ಹೊತ್ತ ಆ ಕಟ್ಟಡಕ್ಕೆ ಎ.ಸಿ.ಯೇ ಇರಲಿಲ್ಲ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಜೋಕು.

ಆ ವರ್ಷವೇ ಅಲ್ಲಿಗೆ ಇನ್ನೊಬ್ಬ ಹೊಸ ವಿದ್ಯಾರ್ಥಿ ಬಂದಿದ್ದ. ಡ್ವೇನ್ ವಾಷಿಂಗ್ಟನ್. ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್ ಕೇರಿಯ ಹುಡುಗ. ಹೈಸ್ಕೂಲಿನಲ್ಲಿ ಒಂದೇ ಪಂದ್ಯದಲ್ಲಿ 82 ಪಾಯಿಂಟ್ ಹೊಡೆದಿದ್ದನಂತೆ. ದೇಶದ ದೊಡ್ಡ ದೊಡ್ಡ ಕಾಲೇಜುಗಳೆಲ್ಲ ಅವನ ಹಿಂದೆ ಬಿದ್ದಿದ್ದವು. ಎಂಟು ವರ್ಷದವನಿದ್ದಾಗ ಕೇರಿಯ ಹುಡುಗರು ‘ನೀನೇನು ದೊಡ್ಡ ಅರ್ಲ್ ಮನ್ರೋನಾ’ ಅಂತ ಆಡಿಕೊಂಡರು. ಅರ್ಲ್ ಮನ್ರೋ ಆ ಕಾಲದ ದೊಡ್ಡ ಆಟಗಾರ, ಅಡ್ಡಹೆಸರು ಪರ್ಲ್. ಅಣಕಕ್ಕಿಟ್ಟ ಹೆಸರು ಇವನಿಗೆ ಅಂಟಿಕೊಂಡಿತು. ಪರ್ಲ್ ಅಂದರೆ ಮುತ್ತಲ್ಲವೇ? ನಾವು ನಾಲ್ಕೈದು ಜನ ಕನ್ನಡದವರು ಅವನನ್ನು ‘ಮುತ್ತಣ್ಣ’ ಅನ್ನುತ್ತಿದ್ದೆವು. ಅಣ್ಣಾವ್ರ ಹುಟ್ಟುಹೆಸರೂ ಮುತ್ತುರಾಜನೇ, ಅಷ್ಟು ಸಾಕಿತ್ತು ನಮಗೆ ಅಭಿಮಾನಿಗಳಾಗಲು.

ನೋಡಲು ಅವನು ಬ್ಯಾಸ್ಕೆಟ್‌ಬಾಲ್ ಆಟಗಾರನ ಹಾಗೆ ಇರಲೇ ಇಲ್ಲ. ಆರಡಿ ಎರಡಂಗುಲ, ಆ ಆಟದಲ್ಲಿ ಅದು ಕುಳ್ಳೇ. ಗುಂಡಗೆ ತುಂಬಿದ ಮೈ. ಬಾಲು ತಟ್ಟಿಕೊಂಡು ಬರುವಾಗ ಸಂತೆಗೆ ಹೊರಟವನ ಹಾಗೆ ನಿಧಾನ. ಎದುರಾಳಿ ಒಂದು ಮಾರು ದೂರದಲ್ಲಿದ್ದಾಗ ಅವನ ಎಡಭುಜ ಒಂಚೂರು ಇಳಿಯುತ್ತಿತ್ತು, ಸೊಂಟವೂ ಎಡಕ್ಕೆ ಹೊರಳುತ್ತಿತ್ತು, ಎದುರಾಳಿ ಅತ್ತ ವಾಲುತ್ತಿದ್ದ. ಅಷ್ಟರಲ್ಲಿ ಬಾಲು ಮೊಣಕಾಲಿನ ಕೆಳಗೆ ಬಲಗೈಗೆ ದಾಟಿ, ಪರ್ಲ್ ಅವನ ಪಕ್ಕದಲ್ಲೇ ಹಾದು ರಿಂಗಿನ ಕೆಳಗಿರುತ್ತಿದ್ದ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್ ಹಿಡಿಯಲು ಬಂದವರನ್ನು ಒಂದು ಕಡೆಗೆ ಎಳೆದು ಇನ್ನೊಂದು ಕಡೆಯಿಂದ ಗೆರೆ ಮುಟ್ಟುತ್ತಾನಲ್ಲ, ಹಾಗೆ. ಮೊದಲ ಸಲ ನೋಡಿದಾಗ ನನಗೆ ಪಿ.ಡಿ. ಸರ್ ನೆನಪಾದರು. ಈ ಹುಡುಗನ ಸೊಂಟವೂ ಸುಳ್ಳು ಹೇಳುತ್ತಿತ್ತು.

ಸರಿ, ಆ ದಿನಕ್ಕೆ ಬರೋಣ. 1984ರ ಜನವರಿ 21, ಶನಿವಾರ. ಎದುರಾಳಿ ಬಾಸ್ಟನ್ ಕಾಲೇಜ್. ಡೋಮಿನಲ್ಲಿ 30,000ಕ್ಕೂ ಮೀರಿ ಜನ. ನನ್ನ ಪಕ್ಕದಲ್ಲಿ ರೂಮ್‌ಮೇಟ್, ದಾವಣಗೆರೆಯವನು. ಕೊನೆಗೆ ಪಂದ್ಯ 73–73ಕ್ಕೆ ಬಂತು. ಉಳಿದದ್ದು ನಾಲ್ಕೇ ಸೆಕೆಂಡು, ಬಾಸ್ಟನ್ನಿನವನಿಗೆ ಇನ್ನೊಂದು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಒಂಟಿ ಎಸೆತ, ಬಾಕಿ. ಬಿದ್ದರೆ ಅವರು ಗೆದ್ದ ಹಾಗೆ, ಬೀಳದಿದ್ದರೆ ಓವರ್‌ಟೈಮ್. ಎರಡರಲ್ಲಿ ಯಾವುದಾದರೂ ಸೌತ್ ಕ್ಯಾಂಪಸ್ಸಿನ ಬಸ್ಸು ತಪ್ಪುವುದು ಖಂಡಿತ. ಶನಿವಾರ ಬಸ್ಸು ಕಡಿಮೆ. ಅಷ್ಟು ಜನ ಆ ತಿರುಗುಬಾಗಿಲಲ್ಲಿ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ಗಾಯತ್ರಿ ಟಾಕೀಸಿನಲ್ಲಿ ‘ಶುಭಂ’ ಬೀಳುವ ಮೊದಲೇ ಎದ್ದು ಸೈಕಲ್ ಸ್ಟ್ಯಾಂಡಿಗೆ ಓಡಿ ಬೆಳೆದವನು ನಾನು.

ಎದ್ದೆ. ‘ಕುಂದ್ರಲೇ, ಇನ್ನೂ ನಾಕು ಸೆಕೆಂಡ್ ಐತಿ’ ಅಂದ ಅವನು. ನಾನು ಕೂರಲಿಲ್ಲ.

ಬಾಗಿಲಿನ ಗಾಜಿನ ಖಾನೆಯೊಳಗೆ ಅರ್ಧ ತಿರುಗಿದ್ದೆ. ಹಿಂದಿನಿಂದ ಸದ್ದು ಬಂತು. ಸದ್ದು ಅನ್ನುವುದಕ್ಕಿಂತ ಕಿವಿಯ ಮೇಲೆ ಯಾರೋ ಅಂಗೈ ಒತ್ತಿದ ಹಾಗೆ. ಗಾಜು ನಡುಗಿದ್ದು ಭುಜಕ್ಕೆ ತಾಗಿತು. ಬಾಗಿಲು ನನ್ನನ್ನು ಹಿಮದೊಳಗೆ ಬಿಟ್ಟಿತು. ಹೊರಗೆ ಹಿಮ ಗುಡಿಸುತ್ತಿದ್ದವನೊಬ್ಬ ಸಲಿಕೆ ಹಿಡಿದು ಡೋಮಿನ ಚಾವಣಿಯನ್ನೇ ನೋಡುತ್ತ ನಿಂತಿದ್ದ. ‘ಏನಾಯಿತು?’ ಅಂತ ಅವನು ನನ್ನನ್ನು ಕೇಳಿದ. ಒಳಗಿಂದ ಬಂದವನು ನಾನು, ನನಗೇನು ಗೊತ್ತು?

ಆಗಿದ್ದು ಇಷ್ಟು. ಫ್ರೀ ಥ್ರೋ ತಪ್ಪಿತು. ಬಾಲು ಹಿಡಿದ ಸಿರಾಕ್ಯೂಸಿನವನು ಪರ್ಲ್‌ಗೆ ಕೊಟ್ಟ. ಪರ್ಲ್ ಓಡುತ್ತಲೇ ಬಂದು ಅಂಗಳದ ನಡುಗೆರೆಯ ಹತ್ತಿರದಿಂದ ಎಸೆದ. ಬಾಲು ನೇರ ರಿಂಗಿನೊಳಗೆ. 75–73. ಆಗ ಕಾಲೇಜು ಆಟದಲ್ಲಿ ಮೂರು ಪಾಯಿಂಟಿನ ಗೆರೆ ಇನ್ನೂ ಬಂದಿರಲಿಲ್ಲ, ಬಂದದ್ದು 1986ರಲ್ಲಿ. ಹಾಗಾಗಿ ಅಷ್ಟು ದೂರದ ಆ ಹೊಡೆತಕ್ಕೂ ಎರಡೇ ಪಾಯಿಂಟ್. ಎರಡೇ ಸಾಕಿತ್ತು.

ದಾವಣಗೆರೆಯವನು ರಾತ್ರಿಯೆಲ್ಲ ಅಡುಗೆಮನೆಯಲ್ಲಿ ಸೌಟು ಹಿಡಿದು ಅದನ್ನು ಆಡಿ ತೋರಿಸಿದ. ನಾಲ್ಕು ದಿನ ಕಳೆಯುವ ಹೊತ್ತಿಗೆ ನನಗೆ ಅದು ಕಣ್ಣಾರೆ ಕಂಡದ್ದೇ ಅನ್ನಿಸತೊಡಗಿತ್ತು. ಐದನೇ ದಿನ ಪಿ.ಡಿ. ಸರ್‌ಗೆ ಏರೋಗ್ರಾಮು ಬರೆದೆ. ‘ನಾನು ಕಣ್ಣಾರೆ ಕಂಡೆ ಸರ್’ ಅಂತಲೇ ಶುರು. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಏರೋಗ್ರಾಮಿನಲ್ಲಿ ಇನ್ನೂ ಮೂರು ಸಾಲು ಜಾಗ ಉಳಿದಿತ್ತು. ಖಾಲಿ ಬಿಡುವುದೇಕೆ ಅಂತ ‘ಬಾಲು ಬಿದ್ದ ಮೇಲೆ ಪರ್ಲ್ ಎರಡೂ ಕೈ ಎತ್ತಿ, ಅಂಗಳದ ನಡುವೆ ನಿಂತು ಕುಣಿದ’ ಅಂತ ಸೇರಿಸಿದೆ.

ಪರ್ಲ್ ಸಿರಾಕ್ಯೂಸಿನಲ್ಲಿ ಆಡಿದ್ದು ಮೂರೇ ವರ್ಷ. ಜಾರ್ಜ್‌ಟೌನ್ ಟೀಮಿನ ಏಳಡಿ ಪ್ಯಾಟ್ರಿಕ್ ಯೂಯಿಂಗ್ ಮೇಲೂ ನುಗ್ಗಿ ಹೊಡೆಯುತ್ತಿದ್ದವನು. ರಾಷ್ಟ್ರೀಯ ಪಟ್ಟ ಅವನಿಗೆ ಸಿಗಲಿಲ್ಲ, ಸಿರಾಕ್ಯೂಸ್ ಆಡುತ್ತಿದ್ದ ಕಾಲೇಜು ಲೀಗು ಬಿಗ್ ಈಸ್ಟ್‌ನ ಟೂರ್ನಮೆಂಟೂ ಗೆಲ್ಲಲಿಲ್ಲ. 1986ರಲ್ಲಿ ಅದರ ಫೈನಲ್ಲನ್ನು ಸೇಂಟ್ ಜಾನ್ಸ್ ಎದುರು 70–69ಕ್ಕೆ, ಒಂದೇ ಪಾಯಿಂಟಿನಲ್ಲಿ ಸೋತರು. ಸೋತ ಟೀಮಿನವನಾದರೂ ಟೂರ್ನಮೆಂಟಿನ ಶ್ರೇಷ್ಠ ಆಟಗಾರನ ಬಹುಮಾನ ಅವನಿಗೇ ಕೊಟ್ಟರು. ಆ ವರ್ಷವೇ ವೃತ್ತಿಪರ ಆಟಕ್ಕೆ, ಎನ್‌ಬಿಎ ಲೀಗಿಗೆ ಹೋದ. ಟೀಮುಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ 13ನೆಯವನಾಗಿ ನ್ಯೂಜೆರ್ಸಿ ನೆಟ್ಸ್ ಸೇರಿ ಎರಡು ಸೀಸನ್, ಹೊಸದಾಗಿ ಹುಟ್ಟಿದ ಮಯಾಮಿ ಹೀಟ್‌ನಲ್ಲಿ ಒಂದು. ಅಲ್ಲಿಗೆ ಎನ್‌ಬಿಎ ಮುಗಿಯಿತು. ಪತ್ರಿಕೆಗಳು ಅವನನ್ನು ‘ಆಗಬೇಕಾದ್ದು ಆಗದವನು’ ಎಂಬ ಪಟ್ಟಿಗೆ ಸೇರಿಸಿದವು. ನನಗೆ ಈ ಲೆಕ್ಕ ಇವತ್ತಿಗೂ ಹಿಡಿಸುವುದಿಲ್ಲ. ಊರ ಜಾತ್ರೆಯಲ್ಲಿ ಮೂರು ವರ್ಷ ಎಲ್ಲರನ್ನೂ ಕೆಡವಿದ ಪೈಲ್ವಾನ್ ಆಮೇಲೆ ದಸರಾ ಕುಸ್ತಿಯಲ್ಲಿ ಸೋತ ಅಂತ ಊರವರು ಅವನನ್ನು ಮರೆಯುತ್ತಾರೆಯೇ? ಸಿರಾಕ್ಯೂಸ್ ಮರೆಯಲಿಲ್ಲ. 1996ರಲ್ಲಿ ಅವನ 31ನೇ ನಂಬರಿನ ಜೆರ್ಸಿಯನ್ನು ರಿಟೈರ್ ಮಾಡಿ, ಅಂದರೆ ಅವನ ಹೆಸರಿಗೇ ಮೀಸಲಿಟ್ಟು, ಗೌರವಿಸಿದರು.

ಅದಕ್ಕೆ ಒಂದು ವರ್ಷ ಮೊದಲೇ ಮೆದುಳಿನಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಆಗ ಅವನಿಗೆ ಮೂವತ್ತೊಂದು ವರ್ಷ. ಅದು ಕ್ಯಾನ್ಸರಿನ ಗಡ್ಡೆಯಲ್ಲ, ಆಪರೇಷನ್ ಮಾಡಿ ತೆಗೆದರು, ಉಳಿದುಕೊಂಡ. ಇಪ್ಪತ್ತು ವರ್ಷದ ಮೇಲೆ, 2015ರ ಆಗಸ್ಟಿನಲ್ಲಿ, ಮತ್ತೆ ಮೆದುಳಿನ ಆಪರೇಷನ್. ಈ ಸಲದ್ದು ಅಂಥದ್ದಲ್ಲ ಅಂತ ಸುದ್ದಿ ಬಂತು.

ದಾವಣಗೆರೆಯವನು ಈಗ ಟೆಕ್ಸಸ್‌ನಲ್ಲಿದ್ದಾನೆ. ಅವನೇ ಫೋನ್ ಮಾಡಿದ. ‘ಮುತ್ತಣ್ಣಂಗೆ ಮತ್ತೆ ಗಡ್ಡಿ ಅಂತಲೇ.’ ಆಮೇಲೆ ಒಂದು ತಿಂಗಳು ಹಳೆಯ ಸಿರಾಕ್ಯೂಸಿನವರ ಫೋನುಗಳು ನಿಲ್ಲಲಿಲ್ಲ. ಎಲ್ಲರಿಗೂ ಅದೇ ಒಂದು ರಾತ್ರಿ, ಅದೇ ಒಂದು ಹೊಡೆತ. ಒಬ್ಬ ತನ್ನ ಸೀಟಿನ ನಂಬರು ಹೇಳಿದ. ಇನ್ನೊಬ್ಬ ಪಕ್ಕದ ಅಪರಿಚಿತನ ಜಾಕೆಟ್ಟಿಗೆ ಕೋಕ್ ಚೆಲ್ಲಿದ್ದನ್ನು ಹೇಳಿದ. 1985ರಲ್ಲಿ ಬಂದವನೊಬ್ಬ ಕೂಡ ತಾನು ಅಲ್ಲಿದ್ದೆ ಅಂದ, ನಾನು ತಿದ್ದಲಿಲ್ಲ. ಯಾವ ಬಾಯಲ್ಲಿ ತಿದ್ದಲಿ? ‘ಈಗ ಲೆಕ್ಕ ಹಾಕಿದ್ರ ಆವತ್ತು ಡೋಮಿನ್ಯಾಗ ಮೂರು ಲಕ್ಷ ಮಂದಿ ಇದ್ರು ನೋಡಲೇ,’ ಅಂತ ದಾವಣಗೆರೆಯವನು ನಕ್ಕ. ‘ಎಲ್ಲಾರೂ ನೋಡ್ಯಾರ. ನೀನೊಬ್ಬನ ನೋಡದಾವ.’ ಮೂವತ್ತು ವರ್ಷದಲ್ಲಿ ಅವನು ನನ್ನ ಗುಟ್ಟನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನನ್ನ ಹೆಂಡತಿಗೂ.

ಆ ಸೀಸನ್ನಿನಲ್ಲಿ ಸಿರಾಕ್ಯೂಸ್ ಹುಡುಗರು ವಾರ್ಮಪ್ ಮಾಡುವಾಗ ಪರ್ಲ್ ಹೆಸರು, 31 ನಂಬರಿದ್ದ ಶರ್ಟು ಹಾಕಿಕೊಂಡರು. ಅವನು ಆಡಿದಾಗ ಅವರಲ್ಲಿ ಯಾರೂ ಹುಟ್ಟಿಯೇ ಇರಲಿಲ್ಲ. ಅವರ ಮೇಲೆ ಯಾರಿಗೂ ಅಂಥ ನಿರೀಕ್ಷೆಯಿರಲಿಲ್ಲ, ಕೋಚ್ ಜಿಮ್ ಬೋಹೈಮ್ ಕೂಡ ಒಂಬತ್ತು ಪಂದ್ಯ ಅಮಾನತಿನಲ್ಲಿದ್ದರು. ಪರ್ಲ್‌ಗೂ ಅವರೇ ಕೋಚ್ ಆಗಿದ್ದವರು. ಹತ್ತನೇ ಶ್ರೇಯಾಂಕದ ಆ ಟೀಮು ವರ್ಜೀನಿಯಾದ ಎದುರು ಸೋತೇಹೋಯಿತು ಅನ್ನುವ ಹಂತದಿಂದ ಎದ್ದು ಗೆದ್ದು, ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ನಾಲ್ಕು ಟೀಮುಗಳ ಹಂತವಾದ ಹ್ಯೂಸ್ಟನ್ನಿನ ಫೈನಲ್ ಫೋರ್‌ವರೆಗೆ ಹೋಯಿತು. 2016ರ ಏಪ್ರಿಲ್ 2ರಂದು ನಾರ್ತ್ ಕ್ಯಾರೊಲೈನಾಕ್ಕೆ ಸೋತಿತು. ಆ ಪಂದ್ಯವನ್ನು ನಾನು ಕೊನೆಯ ಸೆಕೆಂಡಿನವರೆಗೆ ಕೂತು ನೋಡಿದೆ, 17 ಪಾಯಿಂಟಿನ ಸೋಲಾದರೂ. ಏಪ್ರಿಲ್ 20ರಂದು ಪರ್ಲ್ ತೀರಿಕೊಂಡ. ಐವತ್ತೆರಡು ವರ್ಷ.

ಈ ಜನವರಿಯಲ್ಲಿ ಮೈಸೂರಿಗೆ ಬಂದಾಗ ಪಿ.ಡಿ. ಸರ್ ಮನೆಗೆ ಹೋದೆ. ಎಂಬತ್ತು ದಾಟಿದೆ, ಮೊಣಕಾಲು ಹಿಡಿದಿದೆ, ದನಿ ಮಾತ್ರ ಹಾಗೇ ಇದೆ. ಅಮ್ಮಾವ್ರು ಕಾಫಿ ತಂದಿಟ್ಟರು. ಲೋಟ ಕೆಳಗಿಟ್ಟು ‘ಸರ್, ಆ ಪತ್ರದ ವಿಷಯ...’ ಅಂತ ಶುರು ಮಾಡಿದೆ.

‘ಆ ಪರ್ಲ್ ಹೋಗಿಬಿಟ್ಟನಂತಲ್ಲಯ್ಯಾ,’ ಅಂದರು. ‘ಮೊಮ್ಮಗ ಫೋನಲ್ಲಿ ತೋರಿಸಿದ. ಆ ಹೊಡೆತಾನೂ ತೋರಿಸಿದ. ಏನು ಹುಡುಗ!’

ನಾನು ಸುಮ್ಮನಾದೆ.

‘ಅವನು ಕುಣಿಯೋದೇ ಇಲ್ವಲ್ಲಯ್ಯಾ ಅದರಲ್ಲಿ. ಬಾಲು ಬಿಟ್ಟವನು ನಿಲ್ಲಲೂ ಇಲ್ಲ, ಸೀದಾ ಓಡಿಕೊಂಡು ಒಳಗೆ ಹೋಗಿಬಿಟ್ಟ. ನೀನು ಕುಣಿದ ಅಂತ ಬರೆದಿದ್ದೆ.’

ನಿಜ. ಪರ್ಲ್ ಎಸೆದ ಓಟದಲ್ಲೇ ಡ್ರೆಸ್ಸಿಂಗ್ ರೂಮಿನ ದಾರಿ ಹಿಡಿದಿದ್ದ. ದಾವಣಗೆರೆಯವನು ಸೌಟು ಹಿಡಿದು ಅಡುಗೆಮನೆಯಿಂದ ಬಚ್ಚಲಿಗೆ ಓಡಿ ಅದನ್ನೂ ತೋರಿಸಿದ್ದ. ನನಗೇ ಅದು ಸಪ್ಪೆ ಅನ್ನಿಸಿ ಕುಣಿಸಿದ್ದೆ.

ಎಲ್ಲವನ್ನೂ ಹೇಳಿದೆ. ನಾಲ್ಕು ಸೆಕೆಂಡು, ತಿರುಗುಬಾಗಿಲು, ಸಲಿಕೆಯವನು. ಸರ್ ಕಣ್ಣು ಮುಚ್ಚಿಕೊಂಡು ಕೇಳಿದರು. ಬೈಗುಳಕ್ಕೆ ಕಾದು ಕೂತೆ. ಅವರು ಮೊಣಕಾಲು ನೀವಿಕೊಳ್ಳುತ್ತ ಕೇಳಿದ್ದು ಒಂದೇ ಮಾತು.

‘ಅದಿರಲಿ, ಬಸ್ಸು ಸಿಕ್ಕಿತಾ?’

‘ಇಲ್ಲ ಸರ್,’ ಅಂದೆ. ‘ಹೋಗಿಬಿಟ್ಟಿತ್ತು.’